ಹೊಗೆಗಂಟೆಯ ಬ್ಯಾಟರಿ: ಮಲಗಿದ ಮನೆಯ ಎಚ್ಚರ

ಬೆಂಕಿಯಿಲ್ಲದ ಸಂಸಾರವಿಲ್ಲ. ಒಲೆ ಹೊತ್ತದ ಮನೆಯಲ್ಲಿ ದಾಸೋಹ ನಡೆಯದು. ದೀಪ ಬೆಳಗದ ಮನೆಯಲ್ಲಿ ಪೂಜೆ ಸಾಗದು. ಅನ್ನವನ್ನು ಬೇಯಿಸುವ ಆ ಬೆಂಕಿಯೇ ತನ್ನ ಮೇರೆಯನ್ನು ಮೀರಿದಾಗ ಮನೆಯನ್ನೂ ಮನೆಯವರನ್ನೂ ಸುಡಬಲ್ಲದು. ಆದುದರಿಂದಲೇ ನಮ್ಮ ಹಿರಿಯ ಗೃಹಿಣಿಯರು ರಾತ್ರಿ ಮಲಗುವ ಮುನ್ನ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ದೀಪವನ್ನು ಶಾಂತಗೊಳಿಸಿ, ಒಮ್ಮೆ ಕಣ್ಣಾಡಿಸಿಯೇ ಹಾಸಿಗೆಗೆ ಹೋಗುತ್ತಿದ್ದರು. ‘ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅವಘಡ ಬರುವುದಕ್ಕೆ ಮೊದಲೇ ಸಿದ್ಧರಾಗಿರಬೇಕೆಂಬ ಆ ತಿಳಿವಳಿಕೆಯನ್ನು ಇಂದಿನ ಒಂದು ಚಿಕ್ಕ ಉಪಕರಣಕ್ಕೆ ಅನ್ವಯಿಸಿ ನೋಡುವುದೇ ಈ ಲೇಖನದ ಉದ್ದೇಶ.

ಆ ಉಪಕರಣದ ಹೆಸರು ಸ್ಮೋಕ್ ಅಲಾರಂ. ನಾವು ಇಲ್ಲಿ ಅದನ್ನು ಹೊಗೆಗಂಟೆ ಎಂದು ಕರೆಯುತ್ತೇವೆ. ನಮ್ಮ ನಾಡಿನ ಸಾಮಾನ್ಯ ಮನೆಗಳಲ್ಲಿ ಇದು ಇನ್ನೂ ಅಪರೂಪ. ಆದರೆ ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಆರೈಕೆಗೆಂದೋ ತಂದೆತಾಯಿಗಳು ಅಲ್ಲಿಗೆ ಹೋಗಿ ಆರಾರು ತಿಂಗಳು ಉಳಿಯುತ್ತಾರೆ. ಅಲ್ಲಿ ಮಲಗುವ ಕೋಣೆಯ ಮಾಳಿಗೆಗೆ ಅಂಟಿಕೊಂಡಿರುವ ಬಿಳಿಯ ಬಿಲ್ಲೆಯೊಂದನ್ನು ಅವರು ಕಾಣುತ್ತಾರೆ. ಅದು ಏನು, ಅದರೊಳಗಿನ ಬ್ಯಾಟರಿಗೆ ಏಕೆ ಅಷ್ಟು ಕಟ್ಟಳೆ, ಅದು ನಡುರಾತ್ರಿ ಏಕೆ ಹಕ್ಕಿಯಂತೆ ‘ಚಿಕ್’ ಎನ್ನುತ್ತದೆ ಎಂಬುದನ್ನು ಅರಿತುಕೊಂಡರೆ ಪ್ರಾಣ ಉಳಿಯುವ ಪ್ರಸಂಗ ಒದಗಬಹುದು.

ನಿದ್ರೆಯಲ್ಲಿ ಮೂಗು ಕಾಯುವುದಿಲ್ಲ

ಮನೆಗೆ ಬೆಂಕಿ ಬಿದ್ದಾಗ ಮೊದಲು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ಅರೆಬರೆ ಉರಿಯುವ ವಸ್ತುಗಳಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಂಡು, ಮಲಗಿದವನನ್ನು ಇನ್ನಷ್ಟು ಗಾಢವಾದ ನಿದ್ರೆಗೆ ತಳ್ಳುತ್ತದೆ. ‘ಹೊಗೆಯ ವಾಸನೆ ಬಂದರೆ ಎಚ್ಚರವಾಗುವುದಿಲ್ಲವೇ?’ ಎಂದು ಕೇಳುವವರುಂಟು. ಆಗುವುದೆಂದು ನಂಬುವಂತಿಲ್ಲ. ಗಾಢನಿದ್ರೆಯಲ್ಲಿ ಮನುಷ್ಯನ ಘ್ರಾಣೇಂದ್ರಿಯವು ಅವನನ್ನು ಎಬ್ಬಿಸುವಷ್ಟು ಚುರುಕಾಗಿರುವುದಿಲ್ಲ. ಕಿವಿ ಮಾತ್ರ ಅದಕ್ಕಿಂತ ಹೆಚ್ಚು ಜಾಗೃತವಾಗಿರುತ್ತದೆ. ಹೊಗೆಯನ್ನು ಶಬ್ದವನ್ನಾಗಿ ಮಾರ್ಪಡಿಸುವುದೇ ಹೊಗೆಗಂಟೆಯ ಕಾಯಕ.

ಕಾಲವೂ ಈಗ ಮೊದಲಿನಂತಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಗಂಟೆ ಮೊಳಗಿದ ಮೇಲೆ ಮನೆಯಿಂದ ಪಾರಾಗಲು ಸುಮಾರು 17 ನಿಮಿಷಗಳ ಅವಕಾಶ ದೊರೆಯುತ್ತಿತ್ತು. ಅದೇ ದೇಶದ ರಾಷ್ಟ್ರೀಯ ಮಾನಕ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಆ ಅವಕಾಶವು ಜ್ವಾಲೆಯ ಬೆಂಕಿಯಲ್ಲಿ ಸುಮಾರು 3 ನಿಮಿಷಗಳಿಗೆ ಇಳಿದಿತ್ತು. ಇದಕ್ಕೆ ಕಾರಣವೇನು? ಹಿಂದಿನ ಹತ್ತಿ, ಮರ, ನಾರುಗಳ ಸ್ಥಾನದಲ್ಲಿ ಇಂದು ಫೋಮ್ ತುಂಬಿದ ಸೋಫಾ, ಹಾಸಿಗೆ, ಪ್ಲಾಸ್ಟಿಕ್ ಸಾಮಗ್ರಿಗಳು ಮನೆಯನ್ನು ತುಂಬಿವೆ. ಅವು ಬೇಗನೆ ಹೊತ್ತುತ್ತವೆ, ಕರಿಯ ವಿಷಹೊಗೆಯನ್ನು ಕಾರುತ್ತವೆ. ಮೂರು ನಿಮಿಷಗಳಲ್ಲಿ ವೃದ್ಧರನ್ನೂ ಕೂಸುಗಳನ್ನೂ ಎಬ್ಬಿಸಿ ಹೊರಗೆ ಕರೆತರಬೇಕೆಂದರೆ ಒಂದು ಕ್ಷಣವೂ ವ್ಯರ್ಥವಾಗಬಾರದು.

ಬ್ಯಾಟರಿಯಿಂದಲೇ ಮನೆ ಸೇರಿದ ಗಂಟೆ

ಈ ಉಪಕರಣದ ಹುಟ್ಟು ಸ್ವಾರಸ್ಯವಾದುದು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆ ಹಚ್ಚುವ ಯಂತ್ರವೊಂದನ್ನು ನಿರ್ಮಿಸಲು ಯತ್ನಿಸುತ್ತಿದ್ದನು. ವಿಷಾನಿಲಕ್ಕೆ ಯಂತ್ರವು ಸ್ಪಂದಿಸಲಿಲ್ಲ. ಬೇಸತ್ತು ಅವನು ಸಿಗರೇಟು ಹೊತ್ತಿಸಿದಾಗ ಮಾಪಕದ ಮುಳ್ಳು ಕದಲಿತು. ಯಂತ್ರವು ಹೊಗೆಯನ್ನು ಗುರುತಿಸಿತ್ತು. ಆದರೆ ಅಂದಿನ ಯಂತ್ರಗಳು ದೊಡ್ಡವು, ದುಬಾರಿಯಾದವು, ತಂತಿಯ ವಿದ್ಯುತ್ತನ್ನೇ ನಂಬಿದವು. ಕಾರ್ಖಾನೆಗಳಿಗೂ ದೊಡ್ಡ ಕಟ್ಟಡಗಳಿಗೂ ಮಾತ್ರ ಅವು ಎಟುಕುತ್ತಿದ್ದವು. ಅಮೆರಿಕದ ಕೊಲೊರಾಡೊ ರಾಜ್ಯದ ಡ್ಯುವೇನ್ ಪಿಯರ್ಸಾಲ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಗಂಟೆಯನ್ನು ರೂಪಿಸಿದರು. 1970ರ ದಶಕದಲ್ಲಿ ಅದು ಅಗ್ಗವಾಗಿ ಅಂಗಡಿಗಳಿಗೆ ಬಂದಿತು. ತಂತಿ ಎಳೆಯಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ. ಎರಡು ತಿರುಪುಗಳು ಸಾಕು. ಹೀಗೆ ಈ ಗಂಟೆಯು ಬಡವರ ಮನೆಯನ್ನು ಹೊಕ್ಕಿದ್ದು ಬ್ಯಾಟರಿಯ ಬಲದಿಂದಲೇ ಎಂಬುದನ್ನು ನಾವು ಮರೆಯಬಾರದು.

ಅದರಿಂದಾದ ಉಪಕಾರವೆಷ್ಟು ಎಂಬುದಕ್ಕೆ ಒಂದು ನಿದರ್ಶನ ಸಾಕು. 1990ರಲ್ಲಿ ಒಕ್ಲಹೋಮ ನಗರದಲ್ಲಿ ಬೆಂಕಿಯ ಅವಘಡಗಳು ಹೆಚ್ಚಾಗಿದ್ದ ಪ್ರದೇಶವೊಂದನ್ನು ಆರಿಸಿಕೊಂಡು 10,100 ಗಂಟೆಗಳನ್ನು ಮನೆಮನೆಗೆ ಉಚಿತವಾಗಿ ಹಂಚಲಾಯಿತು. ತರುವಾಯದ ವರ್ಷಗಳಲ್ಲಿ ಆ ಪ್ರದೇಶದಲ್ಲಿ ಬೆಂಕಿಯಿಂದ ಗಾಯಗೊಂಡು ಸತ್ತವರ ಮತ್ತು ಆಸ್ಪತ್ರೆ ಸೇರಿದವರ ಪ್ರಮಾಣವು ಶೇಕಡಾ 80ರಷ್ಟು ಇಳಿಯಿತೆಂದು 1996ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿತು.

ಒಳಗೆ ನಡೆಯುವ ಕೆಲಸ

ಹೊಗೆಗಂಟೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಅಮೆರಿಸಿಯಂ ಎಂಬ ವಿಕಿರಣಶೀಲ ಧಾತುವಿನ ಅತ್ಯಲ್ಪ ಅಂಶವಿರುತ್ತದೆ. ಅದು ಪುಟ್ಟ ಕೋಶದೊಳಗಿನ ಗಾಳಿಯನ್ನು ಅಯಾನುಗಳನ್ನಾಗಿ ಮಾಡಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವನ್ನು ಹರಿಸುತ್ತದೆ. ಹೊಗೆಯ ಕಣಗಳು ಒಳಹೊಕ್ಕರೆ ಆ ಪ್ರವಾಹ ಕುಗ್ಗುತ್ತದೆ, ಗಂಟೆ ಮೊಳಗುತ್ತದೆ. ಇದು ಭುಗಿಲೆದ್ದು ಉರಿಯುವ ಬೆಂಕಿಯನ್ನು ಬೇಗನೆ ಕಂಡುಹಿಡಿಯುತ್ತದೆ. ಇದರ ವಿಕಿರಣವನ್ನು ಒಂದು ಹಾಳೆಯೂ ತಡೆಯಬಲ್ಲದು. ಉಪಕರಣವನ್ನು ಒಡೆದು ಬಿಚ್ಚದಿರುವವರೆಗೆ ಭಯಪಡಬೇಕಾದುದಿಲ್ಲ. ಎರಡನೆಯ ಬಗೆಯಲ್ಲಿ ಕತ್ತಲೆಯ ಕೋಶದೊಳಗೆ ಬೆಳಕಿನ ಕಿರಣವೊಂದು ಮಿನುಗುತ್ತಿರುತ್ತದೆ. ಹೊಗೆ ಹೊಕ್ಕಾಗ ಆ ಬೆಳಕು ಚದುರಿ ಸಂವೇದಕದ ಮೇಲೆ ಬೀಳುತ್ತದೆ. ಕಿಟಕಿಯಿಂದ ಬಂದ ಬಿಸಿಲಕೋಲಿನಲ್ಲಿ ಧೂಳು ಹೊಳೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಹಾಸಿಗೆ, ಸೋಫಾಗಳಲ್ಲಿ ಒಳಗೊಳಗೇ ಕಮರುವ ಬೆಂಕಿಯನ್ನು ಈ ಬಗೆಯು ಬೇಗ ಗುರುತಿಸುತ್ತದೆ.

ಕಾದು ಕುಳಿತಿರುವಾಗ ಈ ಉಪಕರಣವು ಸೇವಿಸುವ ವಿದ್ಯುತ್ತು ಅತ್ಯಲ್ಪ. ಆಂಪಿಯರಿನ ಹತ್ತು ಲಕ್ಷದ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು! ಆದುದರಿಂದಲೇ ಬೆರಳುದ್ದದ ಬ್ಯಾಟರಿಯು ವರ್ಷಾನುಗಟ್ಟಲೆ ಬಾಳುತ್ತದೆ. ಕೂಗಲು ತೊಡಗಿದಾಗ ಮಾತ್ರ ಅದಕ್ಕೆ ಹಲವು ಸಾವಿರ ಪಾಲು ಹೆಚ್ಚಿನ ಶಕ್ತಿ ಬೇಕು. ಬಹುಕಾಲ ಬಳಕೆಯಲ್ಲಿರುವುದು ಚೌಕಾಕಾರದ 9 ವೋಲ್ಟಿನ ಬ್ಯಾಟರಿ. ಸಾಮಾನ್ಯವಾದ ಆಲ್ಕಲೈನ್ ಜಾತಿಯ ಈ ಬ್ಯಾಟರಿಯೊಳಗೆ ಒಂದೂವರೆ ವೋಲ್ಟಿನ 6 ಚಿಕ್ಕ ಕೋಶಗಳು ಸಾಲಾಗಿ ಕೂಡಿರುತ್ತವೆ. ಲಿಥಿಯಂ ಜಾತಿಯದಾದರೆ ಅದರ ಎರಡು ಪಟ್ಟಿಗೂ ಮಿಗಿಲಾದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬ್ಯಾಟರಿಗೆ ವಿಧಿಸಿದ ಕಟ್ಟಳೆ

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ರೂಪಿಸಿದ 72ನೆಯ ಸಂಖ್ಯೆಯ ಸಂಹಿತೆಯಲ್ಲಿ ಈ ಕಟ್ಟಳೆಗಳು ನಿರೂಪಿತವಾಗಿವೆ. ಬದಲಿಸಬಹುದಾದ ಬ್ಯಾಟರಿಯು ವಾರಕ್ಕೊಮ್ಮೆ ಪರೀಕ್ಷಿಸಿದರೂ ಕನಿಷ್ಠ 1 ವರ್ಷ ಬಾಳಬೇಕು. ಶಕ್ತಿ ಕುಂದತೊಡಗಿದಾಗ ಉಪಕರಣವು ನಿಮಿಷಕ್ಕೊಮ್ಮೆಯಾದರೂ ಕಿರುದನಿ ಮಾಡಿ, ಎಡೆಬಿಡದೆ 7 ದಿನಗಳ ಕಾಲ ಮನೆಯವರಿಗೆ ತಿಳಿಸಬೇಕು. ಕಿರುದನಿ ತೊಡಗಿದ ಹಂತದಲ್ಲಿಯೂ, ಬೆಂಕಿ ಬಿದ್ದರೆ 4 ನಿಮಿಷಗಳ ಕಾಲ ಪೂರ್ಣ ಧ್ವನಿಯಲ್ಲಿ ಕೂಗುವಷ್ಟು ಕಸುವು ಅದರಲ್ಲಿ ಉಳಿದಿರಬೇಕು. ಬ್ಯಾಟರಿಯನ್ನು ತೆಗೆದಿದ್ದರೆ ಅದು ಕಣ್ಣಿಗೆ ಎದ್ದು ಕಾಣುವಂತಿರಬೇಕು.

ಈ 7 ದಿನಗಳ ಅರ್ಥವೇನು? ಮನೆಯವರು ಎರಡು ದಿನ ಊರಿಗೆ ಹೋಗಿ ಬಂದರೂ, ಅಂಗಡಿಗೆ ಹೋಗಲು ಭಾನುವಾರದವರೆಗೆ ಕಾದರೂ, ಎಚ್ಚರಿಕೆಯು ತಪ್ಪದಿರಲೆಂಬುದೇ ಅದರ ಅರ್ಥ. ಹಸಿದ ಕಾವಲುಗಾರನು ತನ್ನ ಕಡೆಯ ತುತ್ತಿನ ಬಲದಲ್ಲಿ ‘ನನಗೆ ಆಹಾರ ಕೊಡಿ’ ಎಂದು ವಾರವಿಡೀ ಕೇಳುತ್ತಾನೆ. ಅದನ್ನು ಕಿರಿಕಿರಿಯೆಂದು ಬಗೆಯುವುದು ನ್ಯಾಯವಲ್ಲ.

ಈ ಕಿರುದನಿಯು ಹೆಚ್ಚಾಗಿ ಬೆಳಗಿನ ಜಾವದಲ್ಲಿಯೇ ಏಕೆ ತೊಡಗುತ್ತದೆ ಎಂದು ಅನೇಕರು ಕೇಳುತ್ತಾರೆ. ಬ್ಯಾಟರಿಯು ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ತನ್ನು ಕೊಡುತ್ತದೆ. ತಂಪಾದಾಗ ಆ ಕ್ರಿಯೆ ಮಂದವಾಗುತ್ತದೆ. ಮನೆಯು ಅತಿ ತಂಪಾಗುವ ಆ ಹೊತ್ತಿನಲ್ಲಿ ಮುಪ್ಪಾದ ಬ್ಯಾಟರಿಯ ಬಲವು ಮೊದಲ ಬಾರಿಗೆ ಗೊತ್ತಾದ ಮಟ್ಟಕ್ಕಿಂತ ಇಳಿಯುತ್ತದೆ. ಬಿಸಿಲೇರಿದ ಮೇಲೆ ಮತ್ತೆ ಸುಮ್ಮನಾಗಬಹುದು. ಸುಮ್ಮನಾಯಿತೆಂದು ಮರೆಯಬಾರದು, ಆ ದಿನವೇ ಬದಲಿಸಬೇಕು.

ಬ್ಯಾಟರಿ ಕಿತ್ತ ಮನೆಗಳು

ಇಷ್ಟು ಕಟ್ಟಳೆಗಳಿದ್ದರೂ ಪ್ರಾಣಹಾನಿ ನಿಂತಿಲ್ಲ. ಅದೇ ಅಗ್ನಿರಕ್ಷಣಾ ಸಂಘದ ಲೆಕ್ಕದ ಪ್ರಕಾರ, 2014ರಿಂದ 2018ರವರೆಗೆ ಅಮೆರಿಕದ ಮನೆಗಳ ಬೆಂಕಿಯಲ್ಲಿ ಸತ್ತ ಪ್ರತಿ ಐವರಲ್ಲಿ ಸುಮಾರು ಮೂವರು, ಗಂಟೆಯೇ ಇಲ್ಲದ ಅಥವಾ ಇದ್ದರೂ ಕೆಲಸ ಮಾಡದ ಮನೆಗಳಲ್ಲಿ ಸತ್ತರು. ಇದ್ದೂ ಮೊಳಗದ ಗಂಟೆಗಳಲ್ಲಿ ಐದರಲ್ಲಿ ಎರಡರಷ್ಟಕ್ಕೆ ಬ್ಯಾಟರಿಯನ್ನು ತೆಗೆದುಹಾಕಲಾಗಿತ್ತು ಅಥವಾ ಅದರ ಸಂಪರ್ಕವನ್ನು ಕಳಚಲಾಗಿತ್ತು. ಸುಮಾರು ಕಾಲುಭಾಗದಲ್ಲಿ ಬ್ಯಾಟರಿಯು ಸತ್ತಿತ್ತು. ಯಂತ್ರದ ದೋಷಕ್ಕಿಂತ ಮನುಷ್ಯರ ಕೈಯೇ ಇಲ್ಲಿ ಹೆಚ್ಚು ಕೆಡುಕನ್ನು ಮಾಡಿದೆ.

ತೆಗೆಯುವುದಾದರೂ ಏಕೆ? ಬೆಂಕಿಯಿಲ್ಲದಾಗಲೂ ಅದು ಕೂಗುತ್ತದೆಂಬ ಕಾರಣಕ್ಕೆ. ಈ ಮಾತು ನಮ್ಮವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮ ಅಡುಗೆಯಲ್ಲಿ ಒಗ್ಗರಣೆಯಿಲ್ಲದೆ ಸಾರಿಲ್ಲ. ರೊಟ್ಟಿ ಸುಡುವಾಗ ಹಿಟ್ಟು ಹೊಗೆಯಾಡುತ್ತದೆ. ಒಣಮೆಣಸಿನಕಾಯಿ ಹುರಿದರೆ ಮನೆಯೆಲ್ಲ ಘಾಟು. ಪೂಜೆಗೆ ಧೂಪ, ಊದುಬತ್ತಿ, ಕರ್ಪೂರ ಬೇಕೇ ಬೇಕು. ಚಳಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ ಪರದೇಶದ ಮನೆಯಲ್ಲಿ ಈ ಹೊಗೆಗೆ ಹೊರಹೋಗಲು ದಾರಿಯಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ನಾವು ಅಮೆರಿಕದಲ್ಲಿದ್ದಾಗ ಭಕ್ತರೊಬ್ಬರ ಬಾಡಿಗೆಯ ಮನೆಯಲ್ಲಿ ಒಂದು ವಾರ ತಂಗಿದ್ದೆವು. ಬೆಳಗಿನ ಪೂಜೆಯ ವೇಳೆಗೆ ಧೂಪದ ಹೊಗೆ ಏರಿ ಗಂಟೆ ಮೊಳಗಿತು. ನಮಗೆ ತೊಂದರೆಯಾಯಿತೆಂದು ನಾಚಿದ ಗೃಹಸ್ಥರು ಸ್ಟೂಲನ್ನೇರಿ ಬ್ಯಾಟರಿಯನ್ನು ಕಿತ್ತು ಅಡುಗೆಮನೆಯ ಖಾನೆಗೆ ಹಾಕಿದರು. ಆ ಖಾನೆಯಲ್ಲಿ ಅಂಥವೇ ಇನ್ನೆರಡು ಮೊದಲೇ ಇದ್ದವು. ‘ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಹಾಕುತ್ತೇವೆ ಬುದ್ಧಿ’ ಎಂದರು. ಯಾವ ಹಬ್ಬ ಎಂದು ವಿಚಾರಿಸಿದಾಗ, ಕಳೆದ ವರ್ಷದ ದೀಪಾವಳಿಯೆಂದು ಅವರ ಪುಟ್ಟ ಮಗಳು ನಕ್ಕಳು. ಆ ಮನೆಯ ಕೊನೆಯ ಕೋಣೆಯಲ್ಲಿ ಗೃಹಸ್ಥರ ವೃದ್ಧ ತಾಯಿ ಮಲಗುತ್ತಿದ್ದರು. ಪೂಜೆಗಾಗಿ ಕಾವಲನ್ನು ಕಳಚಬೇಕಾದುದಿಲ್ಲ, ಪೂಜೆಯ ಸ್ಥಳವನ್ನೇ ಕಿಟಕಿಯ ಬಳಿಗೆ ಸರಿಸಿದರೆ ಸಾಕು ಎಂದು ನಾವು ಹೇಳಿದೆವು. ಅಂದೇ ಸಂಜೆ ಹೊಸ ಬ್ಯಾಟರಿಗಳು ಬಂದವು. ಮರುದಿನ ತೆರೆದ ಕಿಟಕಿಯ ಪಕ್ಕದಲ್ಲಿ ಧೂಪವೂ ನಡೆಯಿತು, ಗಂಟೆಯೂ ಸುಮ್ಮನಿತ್ತು.

ಕಾನೂನು ಕಂಡುಕೊಂಡ ಉಪಾಯ

ಮನುಷ್ಯನ ಈ ದೌರ್ಬಲ್ಯವನ್ನು ಅರಿತ ಸರಕಾರಗಳು ಬ್ಯಾಟರಿಯನ್ನು ತೆಗೆಯಲು ಬಾರದ ಗಂಟೆಗಳನ್ನು ಕಡ್ಡಾಯ ಮಾಡತೊಡಗಿದವು. ಇವುಗಳೊಳಗೆ 10 ವರ್ಷ ಬಾಳುವ ಲಿಥಿಯಂ ಬ್ಯಾಟರಿಯನ್ನು ಮೊಹರು ಮಾಡಿರುತ್ತಾರೆ. ಸಂವೇದಕದ ಆಯುಷ್ಯವೂ 10 ವರ್ಷಗಳೆಂದು ಎಣಿಸಿರುವುದರಿಂದ, ಬ್ಯಾಟರಿ ಮುಗಿದಾಗ ಇಡೀ ಗಂಟೆಯನ್ನೇ ಬದಲಿಸುವುದು ಇಲ್ಲಿನ ಕ್ರಮ. ಬ್ಯಾಟರಿಯೊಂದನ್ನೇ ನಂಬಿದ ಹೊಸ ಗಂಟೆಗಳಿಗೆ ಕ್ಯಾಲಿಫೋರ್ನಿಯಾ ರಾಜ್ಯವು 2014ರಲ್ಲಿ ಈ ನಿಯಮವನ್ನು ಜಾರಿಗೆ ತಂದಿತು. ಮೇರಿಲ್ಯಾಂಡ್ ರಾಜ್ಯವು ಹಳೆಯ ಗಂಟೆಗಳನ್ನು ಬದಲಿಸಲು 2018ರ ಜನವರಿ 1ರ ಗಡುವನ್ನು ಗೊತ್ತುಪಡಿಸಿತು. ನ್ಯೂಯಾರ್ಕ್ ರಾಜ್ಯದಲ್ಲಿ 2019ರ ಏಪ್ರಿಲ್ 1ರಿಂದ, ಮನೆಯ ವಿದ್ಯುತ್ತಿಗೆ ಜೋಡಿಸದ ಗಂಟೆಯನ್ನು ಮಾರಬೇಕಾದರೆ ಅದು 10 ವರ್ಷದ ಮೊಹರಿನದೇ ಆಗಿರಬೇಕು. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಒಂದು ಗಂಟೆ ಮೊಳಗಿದರೆ ಮನೆಯ ಎಲ್ಲ ಗಂಟೆಗಳೂ ಮೊಳಗುವಂತೆ ಪರಸ್ಪರ ಜೋಡಿಸಿರಬೇಕೆಂದು ಕಾನೂನಾಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯವು ಇಂಥದೇ ನಿಯಮವನ್ನು 2017ರಲ್ಲಿ ಆರಂಭಿಸಿ, ಎಲ್ಲ ಮನೆಗಳಿಗೂ 2027ರ ಜನವರಿ 1ರ ಗಡುವನ್ನು ವಿಧಿಸಿತು.

ಮನೆಯ ವಿದ್ಯುತ್ತಿಗೆ ಜೋಡಿಸಿದ ಗಂಟೆಗೆ ಬ್ಯಾಟರಿ ಬೇಡವಲ್ಲವೇ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಬೆಂಕಿಯು ಎಷ್ಟೋ ವೇಳೆ ತಂತಿಯಲ್ಲಿಯೇ ಹುಟ್ಟಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಬಿರುಗಾಳಿಗೆ ವಿದ್ಯುತ್ತು ಹೋದ ರಾತ್ರಿ ಮನೆಯವರು ಮೇಣದಬತ್ತಿಯನ್ನು ಹಚ್ಚುತ್ತಾರೆ. ಅಪಾಯ ಹೆಚ್ಚುವುದೂ ಆಗಲೇ. ಆದುದರಿಂದ ಅಂಥ ಗಂಟೆಗಳಿಗೂ ಬೆಂಬಲದ ಬ್ಯಾಟರಿ ಇರಲೇಬೇಕು. ಅದು ಕುಂದಿದರೆ ಅವೂ ‘ಚಿಕ್’ ಎನ್ನುತ್ತವೆ.

ಗೃಹಸ್ಥರು ಪಾಲಿಸಬೇಕಾದುದು

ಇನ್ನು ಆಚರಣೆಯ ವಿಷಯ. ಬ್ಯಾಟರಿಯನ್ನು ಬದಲಿಸುವಾಗ ಗಂಟೆಯ ಹಿಂಬದಿಯಲ್ಲಿ ಯಾವ ಜಾತಿಯ ಬ್ಯಾಟರಿ ಎಂದು ಮುದ್ರಿಸಿದ್ದಾರೋ ಅದನ್ನೇ ಹಾಕಬೇಕು. ಆಟಿಕೆಯಿಂದಲೋ ರೇಡಿಯೋದಿಂದಲೋ ಕಿತ್ತ ಹಳೆಯದನ್ನು ಹಾಕಬಾರದು. ಮತ್ತೆ ಮತ್ತೆ ಚಾರ್ಜ್ ಮಾಡುವ ಬ್ಯಾಟರಿಗಳು ಸುಮ್ಮನಿದ್ದರೂ ತಾವಾಗಿಯೇ ಸೋರಿಹೋಗುವುದರಿಂದ, ತಯಾರಕರು ಹೇಳಿದ್ದ ಹೊರತು ಅವು ಇಲ್ಲಿ ಸಲ್ಲವು. ಎರಡು ಬ್ಯಾಟರಿಗಳ ಗಂಟೆಯಾದರೆ ಹಳೆಯದರೊಡನೆ ಹೊಸದನ್ನು ಬೆರೆಸದೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಾಕಿದ ಮೇಲೆ ಪರೀಕ್ಷೆಯ ಗುಂಡಿಯನ್ನು ಒತ್ತಿ ಧ್ವನಿ ಕೇಳಿದರೆ ಮಾತ್ರ ಕೆಲಸ ಮುಗಿಯಿತೆಂದು ತಿಳಿಯಬೇಕು. ತಿಂಗಳಿಗೊಮ್ಮೆ ಹೀಗೆ ಗುಂಡಿಯನ್ನೊತ್ತಿ ನೋಡುವುದು ನಿಯಮ. ನಮ್ಮವರು ಇದನ್ನು ಪ್ರತಿ ಹುಣ್ಣಿಮೆಗೋ ಅಮಾವಾಸ್ಯೆಗೋ ಇಟ್ಟುಕೊಂಡರೆ ಮರೆವಿಗೆ ಎಡೆಯಿರದು. ಗಡಿಯಾರವನ್ನು ಹಿಂದುಮುಂದು ಮಾಡುವ ದಿನದಂದೇ ಬ್ಯಾಟರಿಯನ್ನೂ ಬದಲಿಸಬೇಕೆಂಬ ಪ್ರಚಾರವು ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ನಡೆದುಬಂದಿದೆ. ಗಂಟೆಯ ಹಿಂಬದಿಯಲ್ಲಿರುವ ತಯಾರಿಕೆಯ ದಿನಾಂಕದಿಂದ 10 ವರ್ಷ ಕಳೆದಿದ್ದರೆ, ಬ್ಯಾಟರಿ ಹೊಸದಾದರೂ ಗಂಟೆಯನ್ನು ಬದಲಿಸಬೇಕು.

ತೆಗೆದ 9 ವೋಲ್ಟಿನ ಬ್ಯಾಟರಿಯ ವಿಷಯದಲ್ಲೂ ಜಾಗರೂಕತೆ ಬೇಕು. ಅದರ ಎರಡು ತುದಿಗಳೂ ಒಂದೇ ಬದಿಯಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ಖಾನೆಯಲ್ಲಿ ಕೀಲಿಕೈಯೋ ನಾಣ್ಯವೋ ಅವೆರಡಕ್ಕೂ ತಾಗಿದರೆ ಕಾದು ಕೆಂಪಾಗಿ ಬೆಂಕಿ ಹೊತ್ತಬಹುದು. ಬೆಂಕಿಯ ಕಾವಲಿಗಿದ್ದುದೇ ಬೆಂಕಿಗೆ ಕಾರಣವಾಗಬಾರದಲ್ಲವೇ? ಆ ತುದಿಗಳಿಗೆ ಅಂಟುಪಟ್ಟಿ ಸುತ್ತಿಯೇ ವಿಲೇವಾರಿ ಮಾಡಬೇಕು.

ಗಂಟೆಯನ್ನು ಪ್ರತಿ ಮಲಗುವ ಕೋಣೆಯೊಳಗೂ, ಅವುಗಳ ಹೊರಗಿನ ಹಜಾರದಲ್ಲೂ, ಪ್ರತಿ ಅಂತಸ್ತಿನಲ್ಲೂ ಇಡಬೇಕು. ಒಲೆಯಿಂದ ಕನಿಷ್ಠ 10 ಅಡಿ ದೂರವಿರಲಿ. ಅಡುಗೆಮನೆಯ ಸಮೀಪದಲ್ಲಿಡುವುದಾದರೆ ಬೆಳಕಿನ ಬಗೆಯದು ಮೇಲು. ಒಗ್ಗರಣೆಗೆ ಅದು ಕಡಿಮೆ ಕೆರಳುತ್ತದೆ. ಸುಮ್ಮನೆ ಕೂಗಿದರೆ ಬ್ಯಾಟರಿಗೆ ಕೈಹಾಕದೆ, ಕೆಲವು ನಿಮಿಷ ಸುಮ್ಮನಿರಿಸುವ ಗುಂಡಿಯುಳ್ಳ ಗಂಟೆಯಾದರೆ ಅದನ್ನು ಒತ್ತಿ, ಕಿಟಕಿ ತೆರೆಯಬೇಕು. ಮೂರು ಮೂರು ಕೂಗುಗಳ ನಡುವೆ ವಿರಾಮವಿದ್ದರೆ ಅದು ಹೊಗೆಯ ಸೂಚನೆ. ನಿಮಿಷಕ್ಕೊಂದು ಕಿರುದನಿಯಾದರೆ ಬ್ಯಾಟರಿಯದು. ಈ ಭೇದವನ್ನು ಊರಿನಿಂದ ಬಂದ ತಂದೆತಾಯಿಗಳಿಗೆ ಮೊದಲ ದಿನವೇ ತಿಳಿಸಿಕೊಡುವುದು ಮಕ್ಕಳ ಧರ್ಮ.

ತಂದೆತಾಯಿಗಳ ವಿಷಯದಲ್ಲಿ ಇನ್ನೊಂದು ಮಾತು. ಸಾಮಾನ್ಯ ಗಂಟೆಯ ಧ್ವನಿಯು ಸೆಕೆಂಡಿಗೆ ಸುಮಾರು 3,000 ಕಂಪನಗಳ ತೀಕ್ಷ್ಣವಾದ ಸ್ವರ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಇಂಥ ತಾರಸ್ವರವನ್ನೇ. ಆದುದರಿಂದ ವೃದ್ಧರಿಗೂ ಕಿವಿ ಮಂದವಾದವರಿಗೂ 520 ಕಂಪನಗಳ ಮಂದ್ರಸ್ವರದ ಗಂಟೆಗಳು ದೊರೆಯುತ್ತವೆ. ತಾಯಿ ಮಲಗುವ ಕೋಣೆಗೆ ಅಂಥದನ್ನು ತರುವುದು ಒಳಿತು. ಅದು ಸಿಗುವವರೆಗೆ, ಗಂಟೆ ಮೊಳಗಿದರೆ ಹಿರಿಯರನ್ನು ಯಾರು ಎಬ್ಬಿಸಿ ಕರೆತರಬೇಕೆಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಳ್ಳಲಿ.

ನಮ್ಮ ನಾಡಿನಲ್ಲಿಯೂ ಈಗ ಬಹುಮಹಡಿಯ ಮನೆಗಳು, ಅಡುಗೆ ಅನಿಲದ ಸಿಲಿಂಡರುಗಳು, ಇನ್ವರ್ಟರುಗಳು, ರಾತ್ರಿಯಿಡೀ ಚಾರ್ಜಿಗಿಟ್ಟ ಮೊಬೈಲುಗಳು, ಬ್ಯಾಟರಿಯ ಸ್ಕೂಟರುಗಳು ಎಲ್ಲೆಡೆ ಕಾಣಿಸುತ್ತಿವೆ. ಬೆಂಕಿಗೆ ಕಾರಣಗಳು ಬೆಳೆದಿರುವಾಗ ಕಾವಲೂ ಬೆಳೆಯಬೇಡವೇ? ವಿದ್ಯುತ್ತು ಆಗಾಗ ಹೋಗುವ ನಮ್ಮ ಊರುಗಳಿಗೆ ಬ್ಯಾಟರಿಯ ಗಂಟೆಯೇ ಯೋಗ್ಯವಾದುದು. ಅನುಕೂಲವುಳ್ಳ ಕುಟುಂಬಗಳು ಮಲಗುವ ಕೋಣೆಗೊಂದನ್ನು ಕೊಂಡರೆ ಅದು ಆಡಂಬರವೆನಿಸದು. ಮಠಗಳ ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳು ಒಂದೇ ಸೂರಿನಡಿ ಮಲಗುತ್ತಾರೆ. ಅಲ್ಲಿನ ವ್ಯವಸ್ಥಾಪಕರೂ ಇದನ್ನು ಪರಿಶೀಲಿಸಬೇಕೆಂದು ನಾವು ಕೋರುತ್ತೇವೆ.

ಈ ಸಂಚಿಕೆಯು ಪರದೇಶದಲ್ಲಿರುವ ಮಕ್ಕಳ ಕೈಸೇರಿದರೆ, ಓದಿ ಮುಗಿಸಿದ ಕೂಡಲೇ ಎದ್ದು ಮಾಳಿಗೆಯ ಆ ಗುಂಡಿಯನ್ನು ಒಮ್ಮೆ ಒತ್ತಿ ನೋಡಲಿ. ಧ್ವನಿ ಬಂದರೆ ಸಂತೋಷ. ಬಾರದಿದ್ದರೆ ಇಂದಿನ ರಾತ್ರಿ ಮಲಗುವುದಕ್ಕೆ ಮುನ್ನವೇ ಹೊಸ ಬ್ಯಾಟರಿಯನ್ನು ತರಲಿ. ಎಲ್ಲರ ಮನೆಗಳೂ ಕ್ಷೇಮವಾಗಿರಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.